ಪಾರ್ಲೆಯ ಎರಡನೇ ಮಹಡಿಯಲ್ಲಿ ಅಮೆರಿಕದ ರಾತ್ರಿ

ನನ್ನ ಬಲಗೈಯನ್ನು ಒಂದು ವಾರದ ಮಟ್ಟಿಗೆ ಕಳಿಸಿಕೊಡಿ ಎಂದು ಮುಂಬಯಿಯಿಂದ ಫೋನು ಬಂತು. ಕೈಯೊಂದನ್ನೇ ಬಿಡಿಯಾಗಿ ಪಾರ್ಸೆಲ್ ಮಾಡಲು ಬರುವುದಿಲ್ಲವಾದ್ದರಿಂದ ಉಳಿದ ನಾನೂ ಅದರ ಜೊತೆಗೆ ಹೊರಟೆ.

ಕೇಳಿದವಳು ಶಾಲಿನಿ ಅಕ್ಕ, ನನ್ನ ದೊಡ್ಡಮ್ಮನ ಮಗಳು. ಹುಟ್ಟಿ ಬೆಳೆದದ್ದೆಲ್ಲ ಘಾಟ್ಕೋಪರ್. ಅವಳು ನಮ್ಮಮ್ಮನಿಗೆ ಹೇಳಿದ್ದಿಷ್ಟು: “ಚಿಕ್ಕಮ್ಮ, ಚಿನ್ನು ಬೌಲಿಂಗ್ ಮಾಡ್ತಾನಲ್ಲ, ಅವನ್ನ ಕಳ್ಸಿ. ಅವನ ರೈಟ್ ಹ್ಯಾಂಡ್ ಬೇಕು ನಂಗೆ.” ಚಿನ್ನು ಎಂದರೆ ನಾನು, ಚಿನ್ಮಯ, ಹದಿನೇಳು ವರ್ಷ, ಯಲಹಂಕದ ಅತಿ ವೇಗದ ಬೌಲರ್. ಇದನ್ನು ಒಪ್ಪದವರು ಯಲಹಂಕದಲ್ಲಿ ಇದ್ದಾರೆ. ಅವರ್ಯಾರೂ ನನ್ನ ಚೆಂಡನ್ನು ಕಣ್ಣಿಂದ ಕಂಡವರಲ್ಲ, ಅಷ್ಟು ವೇಗ. ಪಿಯುಸಿ ಪರೀಕ್ಷೆ ಮುಗಿದು ಮೇ ತಿಂಗಳು ನಡೆದಿತ್ತು. ನಾನು ಹೊರಟಾಗ ಮನೆಯಲ್ಲಿ ಯಾರೂ ಅಳಲಿಲ್ಲ. ಅಪ್ಪ ಮಾತ್ರ ಇನ್ನೊಂದು ವಾರ ಇದ್ದು ಬಾ ಎಂದು ಎರಡು ಸಲ ಹೇಳಿದರು.

ಯಲಹಂಕದಲ್ಲಿ ರಾತ್ರಿ ಗಾಡಿ ಹತ್ತಿದೆ. ಸ್ಲೀಪರ್ ಟಿಕೆಟ್ಟು ಐನೂರು ಚಿಲ್ಲರೆ, ದೂರ ಸಾವಿರದ ನೂರು ಕಿಲೋಮೀಟರಿಗೂ ಮಿಕ್ಕಿ. ನನ್ನದು ಮೇಲಿನ ಬರ್ತು. ಫ್ಯಾನು ನನ್ನ ಮೂಗಿಗೆ ನಾಲ್ಕು ಬೆರಳಿನಷ್ಟು ಹತ್ತಿರವಿದ್ದರೂ ಗಾಳಿಯನ್ನೆಲ್ಲ ಕೆಳಗಿನ ಬರ್ತಿನವರಿಗೇ ಬಡಿಸುತ್ತಿತ್ತು. ಬೆಳಗಾಗುವಾಗ ರಾಯಚೂರು, ತಿಂಡಿ ಹೊತ್ತಿಗೆ ಕಲಬುರಗಿ. ಅಲ್ಲಿ ಆಗಲೇ ಎಂಥ ಬಿಸಿಲೆಂದರೆ, ಇಡ್ಲಿ ಮಾರುವವನು ತಣ್ಣಗಿನ ಇಡ್ಲಿಯನ್ನು ತಟ್ಟೆಯಲ್ಲಿಟ್ಟು ಎರಡು ಬೋಗಿ ನಡೆದರೆ ಅದು ಬಿಸಿ ಇಡ್ಲಿಯಾಗುತ್ತಿತ್ತು. ನಾನು ಮೂರನೇ ಬೋಗಿಯಲ್ಲಿದ್ದೆ, ಸೀದ ವಾಸನೆ ಬಂತು. ಸೊಲ್ಲಾಪುರ ದಾಟಿದ ಮೇಲೆ ಕನ್ನಡ ಕಡಿಮೆಯಾಗಿ ಮರಾಠಿ ಹತ್ತಿಕೊಂಡಿತು. ಪುಣೆಯಲ್ಲಿ ವಡಾಪಾವ್ ತಿಂದೆ. ಅದರ ಜೊತೆ ಕೊಟ್ಟ ಹಸಿಮೆಣಸಿನಕಾಯಿ ಈಗಲೂ ನನ್ನೊಳಗೆ ಎಲ್ಲೋ ಇದೆ ಎಂದು ನನ್ನ ನಂಬಿಕೆ.

ಠಾಣೆಯಲ್ಲಿ ಇಳಿದಾಗ ಸಂಜೆ. ಪ್ಲಾಟ್‌ಫಾರಮ್ಮಿನ ಜನವೆಲ್ಲ ಒಂದೇ ದಿಕ್ಕಿಗೆ ಹರಿಯುತ್ತಿದ್ದರು, ನಡುವೆ ಅಕ್ಕ ಒಬ್ಬಳೇ ಕಂಬದ ಹಾಗೆ ನಿಂತಿದ್ದಳು. ಎರಡು ವರ್ಷದ ಮೇಲೆ ಕಂಡ ತಮ್ಮನ ಮುಖ ನೋಡುವುದು ಬಿಟ್ಟು ನನ್ನ ಮೊಣಕೈ ನೋಡಿದಳು. ಸೋರೆಕಾಯಿ ಎಳೆಯದೋ ಬಲಿತದ್ದೋ ಎಂದು ಪರೀಕ್ಷಿಸುವವರ ಹಾಗೆ ಅದರ ಒಳಮಗ್ಗುಲಿಗೆ ಹೆಬ್ಬೆರಳಿಟ್ಟು ಒತ್ತಿದಳು.

“ನೋಯತ್ತಾ?”

“ಇಲ್ಲ.”

“ಗುಡ್. ಇನ್ನೆರಡು ದಿನದಲ್ಲಿ ನೋಯತ್ತೆ,” ಎಂದು ನನ್ನ ಬ್ಯಾಗು ಎತ್ತಿಕೊಂಡು ಹೊರಟಳು.

ಅಲ್ಲಿಂದ ಘಾಟ್ಕೋಪರ್‌ಗೆ ಲೋಕಲ್. ಟಿಕೆಟ್ಟು ಹತ್ತು ರೂಪಾಯಿ. ಅಷ್ಟು ಕಡಿಮೆ ದುಡ್ಡಿಗೆ ಅಷ್ಟೊಂದು ಜನ ನನ್ನನ್ನು ಅಪ್ಪಿಕೊಂಡದ್ದು ಅದೇ ಮೊದಲು. ಮನೆ ಸ್ಟೇಷನ್ನಿನಿಂದ ನಡೆಯುವ ದೂರದ ಒಂದು ಹಳೇ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ. ಲಿಫ್ಟು ಇದೆ, ಆದರೆ ಅದಕ್ಕೂ ಸೆಕೆ, ಮೂರನೇ ಮಹಡಿಯಲ್ಲೇ ಕೈಚೆಲ್ಲುತ್ತದೆ. ದೊಡ್ಡಪ್ಪ ಬ್ಯಾಂಕಿನ ಕೆಲಸದ ಮೇಲೆ ನಾಗಪುರದಲ್ಲಿದ್ದರು. ಮನೆಯಲ್ಲಿ ದೊಡ್ಡಮ್ಮ, ಅಕ್ಕ, ಈಗ ನಾನು.

ಆ ಸಂಜೆ ಅಡುಗೆಯಾಗುವಾಗ ಒಂದು ವಿಚಿತ್ರ ಕಂಡೆ. ಅಕ್ಕ ಟೇಬಲ್ಲಿನ ಮುಂದೆ ಸುಮ್ಮನೆ ಕೂತಿದ್ದಳು. ಅವಳ ತೋರುಬೆರಳು ತಟ್ಟೆಯ ಅಂಚಿಗೆ ಟಕ್ ಎಂದಿತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಇನ್ನೊಂದು ಟಕ್, ಇನ್ನೊಂದು ಕೂಗು. ಮೂರನೇ ಟಕ್‌ಗೆ ಕುಕ್ಕರ್ ಕೂಗಲಿಲ್ಲ. ಗೆದ್ದೆ ಎಂದು ನಾನು ನಗುವಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲೇ ದೊಡ್ಡಮ್ಮ ಹೇಳಿದರು: “ಎರಡು ತಿಂಗ್ಳಿಂದ ಹಿಂಗೇ ಕಣೋ ಇವ್ಳು. ಫೋನ್ ಬಡಿಯೋ ಮುಂಚೆ ಹಲೋ ಅಂತಾಳೆ. ಮೊನ್ನೆ ನಾನು ಸೀನೋಕೆ ಮುಂಚೆ ಕರ್ಚೀಪ್ ಕೊಟ್ಳು.”

“ಅಮ್ಮ ಬಢಾ ಚಢಾ ಕೇ ಹೇಳ್ತಾಳೆ,” ಎಂದಳು ಅಕ್ಕ. ಬಣ್ಣ ಕಟ್ಟಿ ಹೇಳುವ ಗುಣ ನಮ್ಮ ಮನೆತನದಲ್ಲಿ ಇರುವುದು ನಿಜ. ಆದರೆ ಕರೆಂಟು ಹೋದದ್ದನ್ನು ನಾನೇ ಕಂಡಿದ್ದೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಕ್ಕನ ಜೊತೆ ಮೆಟ್ರೋ ಹತ್ತಿದೆ. ಅಸಲ್ಫಾ ದಾಟುವಾಗ ಗುಡ್ಡದ ಮೇಲಿನ ಮನೆಗಳು ಬಣ್ಣಬಣ್ಣವಾಗಿ ಕಂಡವು. ಗುಡ್ಡ ತುಂಬ ಮನೆ, ಒಂದು ಬಾಗಿಲಲ್ಲೂ ಒಬ್ಬ ಮನುಷ್ಯನಿರಲಿಲ್ಲ. ಅಂಧೇರಿಯಲ್ಲಿ ಇಳಿದು ಲೋಕಲ್ಲಿಗೆ ಐದು ರೂಪಾಯಿ ಕೊಟ್ಟು ಒಂದೇ ಸ್ಟೇಷನ್ನು ಹೋದರೆ ವಿಲೆ ಪಾರ್ಲೆ. ಅಕ್ಕನ ಆಫೀಸೆಂದರೆ ಹಳೇ ಹೌಸಿಂಗ್ ಸೊಸೈಟಿಯೊಂದರ ಎರಡನೇ ಮಹಡಿಯ ಫ್ಲ್ಯಾಟು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರು. ಹೊರಗೆ ಹಾಲಿನವನು ಸೈಕಲ್ ಗಂಟೆ ಹೊಡೆಯುತ್ತಿದ್ದಾನೆ, ಒಳಗೆ ಕಾಲಿಟ್ಟರೆ ಕಂಪ್ಯೂಟರಿನ ಪರದೆ ಪರದೆಯಲ್ಲೂ ರಾತ್ರಿ.

ಅಮೆರಿಕದ ದೊಡ್ಡ ಬೇಸ್‌ಬಾಲ್ ತಂಡಗಳ ಕೆಳಗೆ ಮರಿ ತಂಡಗಳಿರುತ್ತವೆ. ಮುಂದೆ ದೊಡ್ಡವರಾಗಬಹುದೆಂದು ಆರಿಸಿಟ್ಟ ಹುಡುಗರನ್ನು ಅಲ್ಲಿ ಬೇಸಿಗೆಯುದ್ದಕ್ಕೂ ಹೆಚ್ಚುಕಮ್ಮಿ ಪ್ರತಿ ರಾತ್ರಿ ಆಡಿಸುತ್ತಾರೆ. ಯಾವ ಹುಡುಗ ಈ ರಾತ್ರಿ ಹೇಗೆ ಆಡಿದ ಎಂಬ ವರದಿ ಅವರಿಗೆ ಬೆಳಗಾಗುವಷ್ಟರಲ್ಲಿ ದೊಡ್ಡ ತಂಡದವರ ಕೈ ಸೇರಬೇಕು. ಅದಕ್ಕಾಗಿ ಯಾರೋ ಒಬ್ಬರು ಒಂದೊಂದೇ ಎಸೆತ ನೋಡಿ ಬಟನ್ ಒತ್ತುತ್ತ ಹೋಗಬೇಕು: ಒಳಗೆ, ಹೊರಗೆ, ಹೊಡೆದ, ತಪ್ಪಿದ. ಆ ಯಾರೋ ಒಬ್ಬರು ನಮ್ಮ ಅಕ್ಕ. ಅವರ ರಾತ್ರಿ ಎಂದರೆ ನಮ್ಮ ಬೆಳಗು. ಹುಡುಗರ ಹೆಸರನ್ನು ಇವರಿಗೆ ಹೇಳುವುದಿಲ್ಲ, ಅಂಗಿಯ ನಂಬರು ಮಾತ್ರ. ವಿಡಿಯೋಗೆ ಶಬ್ದವಿಲ್ಲ. ಕ್ಯಾಮೆರಾ ಇರುವುದು ಚೆಂಡೆಸೆಯುವವನ ಹಿಂದೆ, ದೂರದಲ್ಲಿ. ಹಾಗಾಗಿ ಎಸೆಯುವ ಹುಡುಗರ ಬೆನ್ನುಗಳನ್ನು ಅಕ್ಕ ತನ್ನ ಸ್ವಂತ ಬೆನ್ನಿಗಿಂತ ಚೆನ್ನಾಗಿ ಬಲ್ಲಳು. ಮುಖ ಒಬ್ಬನದೂ ಗೊತ್ತಿಲ್ಲ.

ಪಕ್ಕದ ಕುರ್ಚಿಯ ಪ್ರಸಾದ್ ಉಡುಪಿ ಕಡೆಯವನು. ಅವನು ಬೆನ್ನುಗಳಿಗೆ ನಾಮಕರಣ ಮಾಡಿದ್ದ. ನಲವತ್ತೊಂದು ನಂಬರಿನವನು ‘ಅಜ್ಜ’. ಪ್ರತಿ ಎಸೆತಕ್ಕೂ ಮೊದಲು ಆ ಹುಡುಗ ಎಡಗೈಯನ್ನು ಸೊಂಟಕ್ಕಿಟ್ಟು, ಭುಜ ಎತ್ತಿ, ಒಂದು ನಿಟ್ಟುಸಿರು ಬಿಟ್ಟು ಇಳಿಸುತ್ತಿದ್ದ, ಜಗಲಿಯಿಂದ ಏಳುವ ಮುದುಕರ ಹಾಗೆ. ಆಟದ ಕೊನೆಯ ಭಾಗದಲ್ಲಿ ಮಾತ್ರ ಎಸೆಯಲು ಬರುತ್ತಿದ್ದ. ಈ ಅಜ್ಜನಿಗಾಗಿಯೇ ನನ್ನನ್ನು ಕರೆಸಿದ್ದು.

ಮೇಲ್ವಿಚಾರಕ ಸಾವಂತ್ ಸರ್ ಬಂದು ಈ ಹುಡುಗ ಯಾರು ಎಂದು ಕೇಳಿದರು. ಕರ್ನಾಟಕದ ಬೇಸ್‌ಬಾಲ್ ತಂಡದವನು ಎಂದೆ. ಬೇಸ್‌ಬಾಲ್ ಕೋಲನ್ನು ನಾನು ಹುಟ್ಟಿದಮೇಲೆ ನೋಡಿದ್ದು ಒಂದೇ ಕಡೆ, ನಮ್ಮ ಪಕ್ಕದ ಮನೆಯವರ ಕಾರಿನ ಸೀಟಿನ ಕೆಳಗೆ. ಸಾವಂತ್ ಸರ್ ನನಗೆ ಸ್ಟೂಲು ಹಾಕಿಸಿ ಚಹಾ ತರಿಸಿದರು. ಒಂದು ಕಪ್ ಚಹಾಕ್ಕೆ ಇಷ್ಟು ಸುಳ್ಳು ಸಾಕು ಎಂದು ಗೊತ್ತಾಯಿತು.

ಸ್ಟೂಲಿನ ಮೇಲೆ ಕೂತು ನಾನು ಪರದೆಯನ್ನಲ್ಲ, ಅಕ್ಕನ ಬೆರಳನ್ನು ನೋಡಿದೆ. ಬೆರಳು ಬಟನ್ ಒತ್ತುತ್ತಿತ್ತು, ಆಮೇಲೆ ಅಲ್ಲಿ ಹುಡುಗನ ಕೈಯಿಂದ ಚೆಂಡು ಬಿಡುತ್ತಿತ್ತು. ಮತ್ತೆ ಬೆರಳು, ಮತ್ತೆ ಚೆಂಡು. ‘ಹೊರಗೆ’ ಎಂದು ಒತ್ತಿದರೆ ಚೆಂಡು ಹೇಳಿಸಿಕೊಂಡ ಹಾಗೆ ಹೊರಗೇ ಹೋಗುತ್ತಿತ್ತು. ನನ್ನ ಕತ್ತಿನ ಹಿಂದಿನ ಕೂದಲು ನಿಂತಿತು. ಅಷ್ಟು ಉದ್ದ ಕೂದಲು ಬಿಟ್ಟದ್ದಕ್ಕೆ ಅಮ್ಮ ಬೈದಿದ್ದರು, ಅದಕ್ಕೂ ಒಂದು ಉಪಯೋಗ ಬಂತು. ಬೆನ್ನು ನೋಡಿ ನೋಡಿ ಅಭ್ಯಾಸ, ಅದರಲ್ಲೇನಿದೆ ಎಂದು ಅಕ್ಕ ಹೇಳಿದಳು. ಇದಕ್ಕಾಗಿ ಸಾವಂತ್ ಸರ್ ಅವಳಿಗೆ ಎರಡು ಸಲ ಎಚ್ಚರಿಕೆ ಕೊಟ್ಟಿದ್ದರಂತೆ. ಆದದ್ದನ್ನು ಒತ್ತು, ಆಗುವುದನ್ನು ಒತ್ತಬೇಡ ಎಂದು.

ಅಕ್ಕ ಕಂಡದ್ದು ಇದು. ಒಂದು ತಿಂಗಳಿಂದ ಅಜ್ಜನ ಮೊಣಕೈ ಇಳಿಯುತ್ತಿದೆ. ಆಟದಿಂದ ಆಟಕ್ಕೆ ಕೂದಲೆಳೆಯಷ್ಟು. ದಿನಾ ನೋಡುವವರಿಗೂ ಕಾಣದಷ್ಟು. ಅವನ ಕೈಯೊಳಗೆ ಯಾವುದೋ ನಾರು ಹರಿಯುತ್ತಿದೆ, ಅದನ್ನು ಅವನು ಬಚ್ಚಿಡುತ್ತಿದ್ದಾನೆ ಎಂದು ಅವಳ ಅನುಮಾನ. ಒಂದು ದಿನ ಅದು ಪೂರ್ತಿ ಹರಿದರೆ ಹುಡುಗನ ಆಟ ಅಲ್ಲಿಗೇ ಮುಗಿಯಬಹುದು.

ಹಾಗಾದರೆ ಹೇಳಿಬಿಡು ಎಂದೆ. ಅಷ್ಟು ಸುಲಭವಿರಲಿಲ್ಲ. ತಂಡದವರ ಜೊತೆ ಇವರು ಮಾತಾಡುವಂತಿಲ್ಲ. ಇರುವುದೊಂದೇ ದಾರಿ, ‘ಗಾಯ’ ಎಂಬ ಬಟನ್. ಆದರೆ ಪ್ರತಿ ಆಟವನ್ನೂ ಇಬ್ಬರು ನೋಡುತ್ತಾರೆ: ಇಲ್ಲಿ ಅಕ್ಕ, ಇನ್ನೆಲ್ಲೋ ಒಬ್ಬರು. ಅವರನ್ನು ಇವರೆಲ್ಲ ಕರೆಯುವುದು ‘ಎರಡನೆಯವರು’ ಎಂದು. ಎರಡು ವರ್ಷದಿಂದ ಜೊತೆಗೆ ಕೆಲಸ, ಒಮ್ಮೆಯೂ ಮುಖ ನೋಡಿಲ್ಲ, ದನಿ ಕೇಳಿಲ್ಲ. ಇಬ್ಬರೂ ಒಂದೇ ಬಟನ್ ಒತ್ತಿದರೆ ಪರದೆಯ ಮೂಲೆಯಲ್ಲಿ ಹಸಿರು ದೀಪ. ಒಬ್ಬರೇ ‘ಗಾಯ’ ಒತ್ತಿದರೆ ಇನ್ನೊಬ್ಬರಿಗೆ ಪ್ರಶ್ನೆ ಬರುತ್ತದೆ, ಹೌದಾ ಅಲ್ಲವಾ ಎಂದು. ಅಲ್ಲ ಎಂದರೆ ಅದು ಅಲ್ಲಿಗೇ ಸತ್ತಿತು. ಉತ್ತರ ಕೊಡದೆ ಸುಮ್ಮನಿದ್ದರೆ ಹೌದೆಂದೇ ಲೆಕ್ಕ, ಯಾಕೆಂದರೆ ಬಿದ್ದವನು ಕಾಯಲಾರ. ಹೌದೆಂದಾದರೆ ಸೂಚನೆ ಮೈದಾನದಲ್ಲಿರುವ ಅವರ ವೈದ್ಯನಿಗೆ ನೇರ ಹೋಗುತ್ತದೆ, ಹುಡುಗನನ್ನು ಆಚೆ ಕರೆಯುತ್ತಾರೆ. ಸುಳ್ಳು ಗಾಯವಾದರೆ ಅಕ್ಕನ ಕುರ್ಚಿ ಹೋಗುತ್ತದೆ, ಅದು ಚಿಕ್ಕ ಮಾತು. ಕೈ ನೆಟ್ಟಗಿಲ್ಲದವನು ಎಂಬ ಗುರುತು ಹುಡುಗನ ಮೇಲೆ ಬೀಳುತ್ತದೆ, ಅವನ ಜಾಗಕ್ಕೆ ಕಾದವರು ಸಾಲುಗಟ್ಟಿ ನಿಂತಿರುತ್ತಾರೆ.

“ನನ್ನ ಭ್ರಮೆ ಆಗಿದ್ರೆ ಒಬ್ಬ ಹುಡುಗನ ಲೈಫ್ ಬರ್ಬಾದ್ ಚಿನ್ನು,” ಎಂದಳು. “ಅದಕ್ಕೇ ಒಂದು ಕೈ ಬೇಕು. ಹಂಗೆ ಎಸೆದ್ರೆ ಏನಾಗತ್ತೆ ಅಂತ ನೋಡ್ಬೇಕು.”

ಹೀಗೆ ಆ ಸಂಜೆ ನಾವು ಬಿಲ್ಡಿಂಗಿನ ಟೆರೇಸಿನಲ್ಲಿ, ನೀರಿನ ಟ್ಯಾಂಕುಗಳ ನಡುವೆ ನಿಂತಿದ್ದೆವು. ಕಾಲುಚೀಲದೊಳಗೆ ಕಟ್ಟಿದ ಹಳೇ ಚೆಂಡು, ಗುರಿಗೆ ಟ್ಯಾಂಕಿನ ಗೋಡೆ. ನನ್ನ ಎಸೆತಕ್ಕೆ ಗೋಡೆ ಅದುರಿ ಕೆಳಗಿನ ಮನೆಗಳ ನಲ್ಲಿಯಲ್ಲಿ ತಾನಾಗಿ ನೀರು ಬಂತೆಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ಅಜ್ಜ ಹೇಗೆ ಎಸೆಯುತ್ತಾನೆ ತೋರಿಸು ಎಂದೆ. ಆಫೀಸಿನ ವಿಡಿಯೋ ಹೊರಗೆ ತರುವಂತಿಲ್ಲ, ಅವಳೇ ತೋರಿಸಬೇಕು. ನನಗೆ ಬೆನ್ನು ಮಾಡಿ ನಿಂತಳು. ಎಡಗೈ ಸೊಂಟಕ್ಕೆ ಹೋಯಿತು. ಭುಜ ಎದ್ದಿತು, ನಿಂತಿತು, ಇಳಿಯಿತು. ಮಸುಕು ಬೆಳಕಿನಲ್ಲಿ ಅಲ್ಲಿ ನಿಂತದ್ದು ಕುರ್ತಾ ಹಾಕಿದ ಶಾಲಿನಿ ಅಕ್ಕನಾಗಿರಲಿಲ್ಲ. ಬೆಳಿಗ್ಗೆ ಪರದೆಯಲ್ಲಿ ನೋಡಿದ ಬೆನ್ನು ಅದೇ ಅಗಲದಲ್ಲಿ, ಅದೇ ದಣಿವಿನಲ್ಲಿ ಟ್ಯಾಂಕುಗಳ ನಡುವೆ ನಿಂತಿತ್ತು. ತಿರುಗಿದರೆ ಯಾರ ಮುಖ ಕಂಡೀತೋ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸರಿದದ್ದು ಓಡಿ ಬಂದು ಎಸೆಯಲೆಂದು ಆಮೇಲೆ ಅವಳಿಗೆ ಹೇಳಿದೆ.

ಎರಡು ಸಂಜೆ ಎಸೆದೆ. ಮೊದಲ ಸಂಜೆ ಏನೂ ಇಲ್ಲ. ಎರಡನೇ ಸಂಜೆ ಕೈ ಸೋತು ಬಂದ ಮೇಲೆ ಮೊಣಕೈಯ ಒಳಮಗ್ಗುಲಲ್ಲಿ, ಅಕ್ಕ ಠಾಣೆಯಲ್ಲಿ ಹೆಬ್ಬೆರಳಿಟ್ಟ ಜಾಗದಲ್ಲೇ, ಕಾದ ತಂತಿ ಎಳೆದ ಹಾಗಾಯಿತು. ಕೈ ಮೇಲೆತ್ತಿ ಎಸೆದರೆ ತಂತಿ. ಮೊಣಕೈಯನ್ನು ತುಸು ಕೆಳಗಿಳಿಸಿ ಎಸೆದರೆ ಇಲ್ಲ. ಮತ್ತೆ ಎತ್ತಿದೆ, ಮತ್ತೆ ತಂತಿ. ನಾನು ಇಳಿಸಬೇಕೆಂದು ಇಳಿಸಲೂ ಇಲ್ಲ, ಕೈ ತಾನೇ ಇಳಿಯುತ್ತಿತ್ತು.

“ಹೆಂಗೆ ಇಳೀತು ನೋಡಿದೆಯಾ?” ಎಂದಳು ಅಕ್ಕ, ಬಹಳ ಮೆಲ್ಲಗೆ.

ಆ ರಾತ್ರಿ ದೊಡ್ಡಮ್ಮ ನನ್ನ ಕೈಗೆ ಎಣ್ಣೆ ಕಾಯಿಸಿ ಸವರುತ್ತ, ಅಮೆರಿಕದವನಿಗೆ ನೋವಾದರೆ ನನ್ನ ತಂಗಿ ಮಗನ ಕೈ ಯಾಕೆ ಮುರಿಯುತ್ತೀ ಎಂದು ಅಕ್ಕನನ್ನು ಬೈದರು. ನಾನು ನಿಜಕ್ಕಿಂತ ಒಂದು ಹತ್ತು ಪಟ್ಟು ಹೆಚ್ಚು ನರಳಿದೆ. ಮಾರನೆಯ ದಿನ ಹೋಳಿಗೆ ಆಯಿತು.

ಅಜ್ಜ ಮತ್ತೆ ಎಸೆಯಲು ಬಂದ ದಿನ ಅಕ್ಕ ಮನೆಯಲ್ಲಿ ತಿಂಡಿ ತಿನ್ನಲಿಲ್ಲ. ಪರದೆಯಲ್ಲಿ ಅಲ್ಲಿನ ಆಟ ಕೊನೆಗೆ ಬಂದಿತ್ತು. ದೀಪಗಳ ಕೆಳಗೆ ನಲವತ್ತೊಂದು ನಡೆದು ಬಂದ. ಕೈ ಸೊಂಟಕ್ಕೆ. ಭುಜ ಮೇಲಕ್ಕೆ. ಮೊದಲ ಎಸೆತ, ಎರಡನೆಯದು. ನಮ್ಮ ತಲೆಯ ಮೇಲೆ ಏರ್‌ಪೋರ್ಟಿಗೆ ಇಳಿಯುವ ವಿಮಾನವೊಂದು ಹೋಗಿ ಕಿಟಕಿಯ ಕಪ್ಪು ಕಾಗದ ನಡುಗಿತು. ಪರದೆಯೊಳಗೆ ಸದ್ದಿಲ್ಲ. ಹುಡುಗ ಮೂರನೆಯದಕ್ಕೆ ಭುಜ ಎತ್ತಿದ. ಅಕ್ಕನ ಬೆರಳು ‘ಗಾಯ’ದ ಮೇಲೆ ಬಿತ್ತು. ಅಲ್ಲಿ ಏನೂ ಆಗಿರಲಿಲ್ಲ. ಹುಡುಗ ಗಟ್ಟಿಯಾಗಿ ನಿಂತೇ ಇದ್ದ.

ಈಗ ಎರಡನೆಯವರಿಗೆ ಪ್ರಶ್ನೆ ಹೋಗುತ್ತದೆ, ಅವರು ಅಲ್ಲ ಎನ್ನುತ್ತಾರೆ ಎಂದುಕೊಂಡೆವು. ಪ್ರಶ್ನೆ ಹೋಗಲೇ ಇಲ್ಲ. ಮೂಲೆಯಲ್ಲಿ ಹಸಿರು ಹತ್ತಿತು. ಎಲ್ಲೋ ಕೂತ ಆ ಎರಡನೆಯವರು ಅದೇ ಕ್ಷಣದಲ್ಲಿ ಅದೇ ಬಟನ್ ತಾವಾಗಿಯೇ ಒತ್ತಿದ್ದರು.

ಪ್ರಸಾದ್ ತನ್ನ ಆಟ ಬಿಟ್ಟು ಎದ್ದು ಬಂದ. “ಎಂತ ಮಾರಾಯ್ತಿ ಇದು, ಅವರಿಗೂ ಕಂಡಿತಾ?” ಎಂದ. ಪರದೆಯಲ್ಲಿ ಒಬ್ಬ ದಪ್ಪನೆಯ ಮನುಷ್ಯ ಮೈದಾನಕ್ಕೆ ನಡೆದು ಬಂದು ಅಜ್ಜನ ಕೈಯಿಂದ ಚೆಂಡು ತೆಗೆದುಕೊಂಡ. ಹುಡುಗ ತಲೆಯಾಡಿಸಿದ, ಇಲ್ಲ ಇಲ್ಲ ಎಂದು. ಆಮೇಲೆ ತಿರುಗಿದ. ಮೊದಲ ಸಲ ಅವನ ಮುಖ ಕಂಡಿತು. ಮೀಸೆಯೂ ನೆಟ್ಟಗೆ ಬಂದಿರದ, ಹೆಚ್ಚೆಂದರೆ ನನಗಿಂತ ಎರಡು ವರ್ಷ ದೊಡ್ಡ ಹುಡುಗ. ಅವನು ನೇರ ಕ್ಯಾಮೆರಾ ನೋಡಿದ. ಅಕ್ಕ ಕುರ್ಚಿಯಲ್ಲೇ ಹಿಂದಕ್ಕೆ ಸರಿದಳು. ಸ್ಕೋರ್‌ಬೋರ್ಡ್ ನೋಡಿರಬೇಕು ಎಂದು ಪ್ರಸಾದ್ ಹೇಳಿದ. ಇರಬಹುದು. ಸ್ಕೋರ್‌ಬೋರ್ಡ್ ನೋಡುವವರು ನಡುನಡುವೆ ರೆಪ್ಪೆಯನ್ನೂ ಬಡಿಯುತ್ತಾರೆ.

ಎರಡು ದಿನ ಸುದ್ದಿಯಿಲ್ಲ. ಅಕ್ಕ ಉಂಡದ್ದು ಕಡಿಮೆ, ಅವಳ ಪಾಲಿನದನ್ನೂ ಕಷ್ಟಪಟ್ಟು ನಾನೇ ಮುಗಿಸಿದೆ. ಮೂರನೆಯ ದಿನ ಸಾವಂತ್ ಸರ್ ಬಂದು ಅವಳ ಮೇಜಿಗೆ ಮೆಲ್ಲಗೆ ಕುಟ್ಟಿದರು. ನಲವತ್ತೊಂದರ ಮೊಣಕೈಯಲ್ಲಿ ನಿಜಕ್ಕೂ ನಾರು ಹರಿಯತೊಡಗಿತ್ತಂತೆ. ಇನ್ನೊಂದೆರಡು ಆಟ ಆಡಿದ್ದರೆ ಕೈ ಹೋಗುತ್ತಿತ್ತು. ಈಗ ಆಪರೇಷನ್ ಬೇಕಿಲ್ಲ, ಕೆಲವು ತಿಂಗಳ ವಿಶ್ರಾಂತಿ ಸಾಕು. ಅಕ್ಕ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಆ ಮಧ್ಯಾಹ್ನ ಪ್ರಸಾದ್ ನಮ್ಮನ್ನು ಸಾಂತಾಕ್ರೂಜ್‌ನಲ್ಲಿರುವ ತನ್ನ ಮಾವನ ಹೋಟೆಲಿಗೆ ಕರೆದುಕೊಂಡು ಹೋದ. ನೀರ್‌ದೋಸೆ, ಗೋಳಿಬಜೆ, ಮಂಗಳೂರು ಬನ್ಸು. ನಾನೆಷ್ಟು ತಿಂದೆನೆಂದು ಹೇಳುವುದಿಲ್ಲ, ಮಾವನವರು ಅಡುಗೆಮನೆಯಿಂದ ಹೊರಗೆ ಬಂದು ನನ್ನನ್ನು ನೋಡಿ ಹೋದರು ಎಂದರೆ ಸಾಕು. ಕೊನೆಗೆ ಅಕ್ಕ ಮೂರಲ್ಲ, ನಾಲ್ಕು ಕಾಪಿ ತರಿಸಿದಳು. ನಾಲ್ಕನೆಯದು ಎರಡನೆಯವರಿಗೆ. ಅದು ಖಂಡಿತ ಒಬ್ಬಳು ಹೆಂಗಸೇ ಎಂದು ಅವಳಿಗನ್ನಿಸುತ್ತಿತ್ತಂತೆ. ಎಲ್ಲೋ ಇಂಥದ್ದೇ ಕೋಣೆಯಲ್ಲಿ, ಇಂಥದ್ದೇ ಕಪ್ಪು ಕಾಗದದ ಹಿಂದೆ ಕೂತು, ಅದೇ ಬೆನ್ನನ್ನು ನೋಡಿ ಅವಳೂ ಇಷ್ಟೇ ಹೆದರಿರಬೇಕು. ಒಂದು ಸಲ ಸಿಕ್ಕರೆ ತಬ್ಬಿಕೊಳ್ಳುತ್ತೇನೆ ಎಂದಳು. ಖಾಲಿ ಕುರ್ಚಿಯ ಮುಂದೆ ಕಾಪಿ ಆರುತ್ತಿತ್ತು. ಒಳ್ಳೆಯ ಕಾಪಿ ದಂಡವಾಗಬಾರದೆಂದು ನಾನೇ ಕುಡಿದೆ.

ಮರುದಿನ ಬೆಳಿಗ್ಗೆ ಅದೇ ಮೈದಾನ, ಅದೇ ದೀಪಗಳು. ಆಟದ ಕೊನೆಯಲ್ಲಿ ನಲವತ್ತೊಂದು ನಂಬರು ಮತ್ತೆ ನಡೆದು ಬಂತು. ಅಂಗಿ ಅದೇ, ಒಳಗಿನ ಬೆನ್ನು ಬೇರೆ. ಅಗಲವಾದ, ಅವಸರದ ಬೆನ್ನು, ಸೊಂಟಕ್ಕೆ ಕೈಯಿಲ್ಲ, ನಿಟ್ಟುಸಿರಿಲ್ಲ. ಕೆಳಗಿನ ತಂಡದಿಂದ ತಂದ ಹೊಸಬ. ಮೊದಲ ಎಸೆತ ಎಸೆದ, ಚೆನ್ನಾಗಿತ್ತು. ಅಕ್ಕನ ಪರದೆಯಲ್ಲಿ ಕೆಂಪು ಪ್ರಶ್ನೆಯೊಂದು ಎದ್ದು ನಿಂತಿತು. ಎರಡನೆಯವರು ‘ಗಾಯ’ ಒತ್ತಿದ್ದಾರೆ. ಹೌದಾ, ಅಲ್ಲವಾ?

ಅಕ್ಕ ಅಲ್ಲ ಎಂದು ಒತ್ತಿದಳು. ಎರಡನೆಯ ಎಸೆತ. ಮತ್ತೆ ಪ್ರಶ್ನೆ. ಮತ್ತೆ ಅಲ್ಲ. ಮೂರನೆಯದಕ್ಕೂ ಬಂದಾಗ ಸಾವಂತ್ ಸರ್‌ರನ್ನು ಕೂಗಿದಳು. ಎರಡನೆಯವರ ಜೊತೆ ಒಮ್ಮೆ ಮಾತಾಡಿಸಿ, ಅವರಿಗೆ ಏನೋ ಆಗಿದೆ ಎಂದಳು.

ಸಾವಂತ್ ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಶಾಲಿನಿ, ಸೆಕೆಂಡ್ ಸೀಟ್ ಮೇಂ ದೋ ಮಹೀನೇ ಸೇ ಕೋಯಿ ನಹೀಂ ಹೈ,” ಎಂದರು.

ಆ ಕುರ್ಚಿಯಲ್ಲಿ ಎರಡು ತಿಂಗಳಿಂದ ಯಾರೂ ಇಲ್ಲ. ಮನುಷ್ಯರನ್ನು ತೆಗೆದು ಮೆಷಿನ್ ಕೂರಿಸಿದ್ದಾರೆ. ಕಲಿಸಬೇಕಲ್ಲ, ಅದಕ್ಕೆ ಇವರಲ್ಲಿ ಎಲ್ಲರಿಗಿಂತ ಚುರುಕಾದವಳ ಕೆಲಸವನ್ನೇ ಕೊಟ್ಟರು. ಎರಡು ವರ್ಷದಲ್ಲಿ ಅಕ್ಕ ಒತ್ತಿದ ಪ್ರತಿಯೊಂದು ಬಟನ್ನನ್ನೂ ಅದು ಕಲಿತಿದೆ, ಎಷ್ಟು ಮುಂಚೆ ಒತ್ತುತ್ತಾಳೆ ಎಂಬುದನ್ನೂ. ಈಗಲೂ ದಿನಾ ಕಲಿಯುತ್ತಿದೆ. ನಿಮಗೆ ಬೇಸರವಾಗುತ್ತದೆಂದು ಹೇಳಿರಲಿಲ್ಲ ಎಂದರು ಸಾವಂತ್ ಸರ್.

ಅಕ್ಕ ಪರದೆಯಿಂದ ಕಣ್ಣು ತೆಗೆಯದೆ, ಅಲ್ಲ ಎಂದು ಒತ್ತುತ್ತಲೇ ಕೇಳಿದಳು: “ಹಾಗಾದ್ರೆ ಅವತ್ತು ಹೌದು ಅಂದಿದ್ದು ನಾನೇನಾ?”

ನಿನ್ನೆಯ ನಾಲ್ಕನೆಯ ಕಾಪಿಯನ್ನು ನಾನು ಕುಡಿದದ್ದೇ ಸರಿಯಾಯಿತು, ಕುಡಿಯುವವರು ಬೇರೆ ಯಾರೂ ಇರಲಿಲ್ಲ.

“ಈ ಹುಡುಗನಲ್ಲಿ ನಂಗೇನೂ ಕಾಣ್ತಿಲ್ಲ,” ಎಂದಳು ಮತ್ತೆ. “ನನಗೆ ಕಾಣದೇ ಇರೋದು ಅದಕ್ಕೆ ಕಂಡಿದೆಯಾ? ಇಲ್ಲಾ, ನಾನು ಹೆದರಿದ್ದನ್ನ ಮಾತ್ರ ಕಲ್ತುಕೊಂಡು ಕೂತಿದೆಯಾ?”

ಸಾವಂತ್ ಸರ್ ನನ್ನ ಕಡೆ ತಿರುಗಿದರು. ನೀನು ಪ್ಲೇಯರ್ ಅಲ್ಲವೇ, ಇವನ ಕೈ ಹೇಗಿದೆ ಹೇಳು ಎಂದರು. ಕರ್ನಾಟಕ ತಂಡದ ಮಾನ ನನ್ನ ಮೇಲಿತ್ತು. ಹೊಸಬನ ಕೈ ನೋಡಿದೆ. ಕೈಯ ಹಾಗೇ ಇತ್ತು. ಒಂದು ಸಲ ಚೆನ್ನಾಗಿದೆ ಅನ್ನಿಸಿತು, ಅವನು ಚೆಂಡು ಬಿಡುವಾಗ ಏನೋ ಇಳಿದ ಹಾಗೆ ಕಂಡಿತು, ಮತ್ತೆ ನೋಡಿದರೆ ಇಲ್ಲ. ಗೊತ್ತಿಲ್ಲ ಎಂದೆ. ಆ ಮಾತು ನನ್ನ ಬಾಯಿಗೆ ಹೊಸದಾದ್ದರಿಂದ ಅದರ ಹಿಂದಿಯೂ ಮರೆತುಹೋಗಿ ಕನ್ನಡದಲ್ಲೇ ಹೇಳಿದೆ. ಅವರಿಗೆ ಅರ್ಥವಾಯಿತು.

ಮೆಷಿನ್ನನ್ನು ಇಲ್ಲಿಂದ ನಿಲ್ಲಿಸಲು ಬರುವುದಿಲ್ಲ, ಮೇಲಿನವರಿಗೆ ಬರೆಯುತ್ತೇನೆ ಎಂದು ಸಾವಂತ್ ಸರ್ ಹೇಳಿದರು. ಅಲ್ಲಿಯವರೆಗೆ ಏನು ಮಾಡಬೇಕು ಎಂಬುದು ಅಕ್ಕನಿಗೆ ಬಿಟ್ಟದ್ದು. ಉತ್ತರ ಕೊಡದಿದ್ದರೆ ಹೌದು ಎಂದೇ ಲೆಕ್ಕ. ಹೊಸಬ ಎಸೆದು ಮುಗಿಸುವ ತನಕ ಅವಳು ಒಂದೊಂದಕ್ಕೂ ಅಲ್ಲ ಎಂದಳು. ಆ ದಿನ ಮನೆಗೆ ಬಂದ ಮೇಲೆ ಅವಳ ಬೆರಳು ತಟ್ಟೆಯನ್ನು ಮುಟ್ಟಲಿಲ್ಲ. ಕುಕ್ಕರ್ ಕೂಗಿದಾಗಲೆಲ್ಲ ಬೆಚ್ಚಿಬೀಳುತ್ತಿದ್ದಳು.

ನನ್ನ ವಾರ ಮುಗಿದಿತ್ತು. ಬೆಳಗಿನ ಬೆಂಗಳೂರು ಗಾಡಿಗೆ ಠಾಣೆಗೆ ಬಿಡಲು ದೊಡ್ಡಮ್ಮ ಬಂದರು, ಅಕ್ಕ ಮಾಮೂಲಿಗಿಂತ ಮೊದಲೇ ಪಾರ್ಲೆಗೆ ಹೋಗಿಬಿಟ್ಟಿದ್ದಳು. ದೊಡ್ಡಮ್ಮ ಕೊಟ್ಟ ಪುಳಿಯೋಗರೆ ಡಬ್ಬಿ ಎಷ್ಟು ದೊಡ್ಡದಿತ್ತೆಂದರೆ ಅದಕ್ಕೂ ಒಂದು ಬರ್ತು ಕಾದಿರಿಸಬೇಕಿತ್ತು. ಕಲ್ಯಾಣ ದಾಟಿದ ಮೇಲೆ ಪ್ರಸಾದ್‌ಗೆ ಮೆಸೇಜ್ ಹಾಕಿದೆ. ಅಲ್ಲಿ ಮಳೆ ಬಂದು ಆಟ ತಡವಾಗಿದೆ, ಹೊಸಬ ಇವತ್ತೂ ಬರುತ್ತಾನಂತೆ ಎಂದು ಉತ್ತರ ಬಂತು.

ಕರ್ಜತ್‌ನಲ್ಲಿ ಗಾಡಿಗೆ ಹಿಂದಿನಿಂದ ಇನ್ನೊಂದು ಎಂಜಿನ್ ಜೋಡಿಸಿದರು, ಘಾಟಿ ಹತ್ತತೊಡಗಿತು. ಸುರಂಗದಲ್ಲಿ ನೆಟ್‌ವರ್ಕ್ ಸಾಯುತ್ತಿತ್ತು, ಹೊರಗೆ ಬಂದಾಗ ಒಂದು ಕ್ಷಣ ಜೀವ. ಒಂದು ಸುರಂಗ ಕಳೆದಾಗ: ‘ಬಂದ.’ ಇನ್ನೊಂದು ಕಳೆದಾಗ: ‘ಅದು ಒತ್ತಿತು. ಶಾಲಿನಿ ಅಲ್ಲ ಅಂದಳು.’ ಕತ್ತಲು, ಬೆಳಕು. ‘ಮತ್ತೆ ಒತ್ತಿತು. ಅಲ್ಲ ಅಂದಳು.’ ಕತ್ತಲಲ್ಲಿ ಕಿಟಕಿಯ ಗಾಜು ಕನ್ನಡಿಯಾಗಿ ಬೋಗಿಯಲ್ಲಿದ್ದವರೆಲ್ಲ ಎರಡೆರಡು ಕಾಣುತ್ತಿದ್ದರು. ನಾನು ಆಚೆಯ ನನ್ನನ್ನು ನೋಡುವುದು ಬಿಟ್ಟು ಫೋನನ್ನೇ ನೋಡಿದೆ.

ಲೋಣಾವಳದಲ್ಲಿ ಗಾಡಿ ನಿಂತಾಗ ಅಕ್ಕನದೇ ಮೆಸೇಜ್ ಬಂತು. ‘ಮ್ಯಾಚ್ ಮುಗೀತು. ಹುಡುಗ ಕೈ ಬೀಸ್ಕೊಂಡು ನಗ್ತಾ ಹೋದ.’

ನಾನು ಪ್ಲಾಟ್‌ಫಾರಮ್ಮಿನಲ್ಲಿ ಕುಣಿದೆ. ಎಷ್ಟು ಕುಣಿದೆನೆಂದರೆ ಚಿಕ್ಕಿ ಮಾರುವವನು ಒಂದು ಪ್ಯಾಕೆಟ್ಟು ಪುಕ್ಕಟೆ ಕೊಟ್ಟ. ಆಮೇಲೆ ಬರೆದೆ: ‘ಹಾಗಾದ್ರೆ ಮನೆಗೆ ಹೊರಟ್ಯಾ?’

ಉತ್ತರ ಬರಲು ಹೊತ್ತಾಯಿತು. ಗಾರ್ಡು ಸೀಟಿ ಊದಿದ, ನಾನು ಹತ್ತಿ ಬಾಗಿಲಲ್ಲಿ ನಿಂತೆ. ಗಾಡಿ ಅಲುಗಿದಾಗ ಬಂತು.

‘ಗ್ರೌಂಡ್ ಖಾಲಿ. ಲೈಟ್ ಆಫ್ ಮಾಡಿದ್ರು. ಯಾರೂ ಇಲ್ಲ ಅಲ್ಲಿ. ಅದು ಇನ್ನೂ ಒತ್ತಾ ಇದೆ ಚಿನ್ನು. ನಾನು ಅಲ್ಲ ಅನ್ನದೇ ಹೆಂಗೆ ಏಳಲಿ?’

ಲೋಣಾವಳದ ಮನೆಗಳು ಹಿಂದೆ ಸರಿದವು. ಆ ಕಪ್ಪು ಕಾಗದದ ಕೋಣೆ ಇದ್ದ ದಿಕ್ಕಿನಲ್ಲಿ ಬೆಟ್ಟ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನಾನು ದೊಡ್ಡಮ್ಮನಿಗೆ ಫೋನ್ ಮಾಡಿ, ಗಾಡಿ ಸರಿಯಾದ ಹೊತ್ತಿಗೆ ಹೋಗುತ್ತಿದೆ, ಪುಳಿಯೋಗರೆ ಚೆನ್ನಾಗಿದೆ, ಅಕ್ಕ ಇವತ್ತು ಊಟಕ್ಕೆ ಬರುವುದು ತಡವಾಗುತ್ತದೆ ಎಂದು ಹೇಳಿದೆ.